ಮುರಿದ ಕಿವಿ

ಬಿ.ಎ. ಎರಡನೇ ಸೆಮಿಸ್ಟರಿನ ಪುಸ್ತಕ, ತೊಂಬತ್ತಾರನೇ ಪುಟ:
ಕಂಚಿನ ಗ್ರೀಕ್ ಜಟ್ಟಿಯೊಬ್ಬ ಕೂತಿದ್ದಾನೆ.
ಅಚ್ಚು ಮಸುಕು. ಮೂಗು ಇದ್ದೂ ಇಲ್ಲದ ಹಾಗೆ.
ಕಿವಿ ಮಾತ್ರ ಸ್ಪಷ್ಟ,
ಹಿಂಡಿ ಬಿಸಾಕಿದ ನಿಂಬೆಹೋಳಿನಂಥ ಕಿವಿ.

ಪಾಠ ಅಲ್ಲಿಗೇ ನಿಂತಿತು.
ಈ ಕಿವಿ ನನಗೆ ಗೊತ್ತು.
ಇದರ ಹತ್ತಿರ ಬಾಯಿಟ್ಟು ಕೂಗಿ ಕೂಗಿಯೇ
ನಾನು ದೊಡ್ಡವಳಾದದ್ದು:
'ಅಪ್ಪಾ, ಉಣ್ಣಾಕ ಬಾ!'

ಬೆಟಗೇರಿಯಲ್ಲಿ ಮಗ್ಗದ ಓಣಿಯ ಹಿಂದೆ,
ಲಟಕ್ ಲಟಕ್ ಸದ್ದು ದಾಟಿದರೆ ಗರಡಿ.
ಹೊಸ್ತಿಲು ಮೊಣಕಾಲೆತ್ತರ, ಚೌಕಟ್ಟು ಎದೆಮಟ್ಟ,
ಎಂಥ ಪೈಲವಾನನೂ ತಲೆ ಬಗ್ಗಿಸಿಯೇ ಒಳಗೆ.
ವಸ್ತಾದ ಫಕ್ಕೀರಪ್ಪನ ಮಗಳಿಗೆ ಬಗ್ಗುವ ಕೆಲಸವಿರಲಿಲ್ಲ,
ಅವಳ ಊರು ಹೊಸ್ತಿಲಿಗೇ ಮುಗಿಯುತ್ತಿತ್ತು.

ಅರಿಷಿಣ ಕುಟ್ಟಿದವಳು ನಾನು,
ಕುಸುಬಿ ಎಣ್ಣೆ, ಮಜ್ಜಿಗೆಯ ಕೊಡ ಹೊತ್ತವಳು.
ಎಲ್ಲ ಒಳಗೆ ಹೋಗಿ ಕೆಂಪು ಮಣ್ಣಿನಲ್ಲಿ ಕಲೆಯುತ್ತಿತ್ತು,
ಕೊಡ ಮಾತ್ರ ನನ್ನ ಜೊತೆ ತಿರುಗಿ ಬರುತ್ತಿತ್ತು.

ಪುಸ್ತಕ ಹೇಳುತ್ತದೆ: ಅವರ ಗರಡಿಗೆ ಪಲೈಸ್ತ್ರಾ ಎಂದು ಹೆಸರು.
ಮೈಗೆ ಆಲಿವ್ ಎಣ್ಣೆ, ಎಣ್ಣೆಯ ಮೇಲೆ ಧೂಳು.
ಕೈ ಹಿಡಿಯುವ ಮೊದಲು ಗುದ್ದಲಿ ಹಿಡಿದು
ತಾವು ಬೀಳುವ ನೆಲ ತಾವೇ ಅಗೆಯುತ್ತಿದ್ದರು.
ಮೂರು ಸಲ ಕೆಡವಿದವ ಗೆದ್ದ.
ಆಮೇಲೆ ಬಾಗಿದ ಕಂಚಿನ ಪಟ್ಟಿಯಿಂದ
ಎಣ್ಣೆ ಬೆವರು ಮಣ್ಣು ಕೂಡಿಸಿ ಕೆರೆದು
ಔಷಧಕ್ಕೆಂದು ಮಾರುತ್ತಿದ್ದರು.

ಕ್ಲಾಸು ಛೀ ಎಂದಿತು.
ನಾನು ಅನ್ನಲಿಲ್ಲ.
ಮಂಗಳವಾರ ಸಂಜೆ, ನಾನು ನಿಲ್ಲುವ ಕಡೆಯೇ,
ಜ್ವರದ ಕೂಸು ಬಗಲಲ್ಲಿಟ್ಟು ನಿಲ್ಲುತ್ತಿದ್ದರು
ನೇಕಾರ ಹೆಂಗಸರು, ಪಿಂಜಾರ ಬೂಬಮ್ಮ.
ಅಪ್ಪ ಚಿಟಿಕೆ ಮಣ್ಣು ತಂದು ಹಣೆಗೆ ಒತ್ತುತ್ತಿದ್ದ.
ದುಡ್ಡು ಮುಟ್ಟಲಿಲ್ಲ ಯಾವತ್ತೂ.
ಜ್ವರ ಇಳಿಯಿತೋ ಇಲ್ಲವೋ, ಯಾರೂ ಬಂದು ಹೇಳಲಿಲ್ಲ.

ಅಂದು ಸಂಜೆ ಪುಸ್ತಕವನ್ನು ಅಪ್ಪನ ತೊಡೆಯ ಮೇಲಿಟ್ಟೆ.
ಎಂಬತ್ನಾಲ್ಕರ ಬೆರಳು ಮೊದಲು ಚಿತ್ರದ ಕಿವಿ ಮುಟ್ಟಿತು,
ಆಮೇಲೆ ತನ್ನದು.
'ಯಾವ ಊರಾಂವ ಇವ?'
'ಗ್ರೀಸ್!'
'ಎಲ್ಲಿ?'
'ಸಮುದ್ರದಾಚೆ ಅಪ್ಪಾ! ಎರಡು ಸಾವಿರ ವರ್ಷದ ಹಿಂದ!'
ತಲೆಯಾಡಿಸಿದ. ದೂರ ಅನ್ನಿಸಿದಂತೆ ಕಾಣಲಿಲ್ಲ.
ಬಹಳ ಹೊತ್ತಿನ ಮೇಲೆ ಕೇಳಿದ್ದು ಇಷ್ಟೇ:
'ಮಣ್ಣ ಎಂಥಾದ್ದು ಅವರದು? ಕೆಂಪೋ, ಎರಿಯೋ?'

ಪುಸ್ತಕದಲ್ಲಿ ಇರಲಿಲ್ಲ.
ಲೈಬ್ರರಿಯಲ್ಲಿ ಹುಡುಕಿದೆ. ದೇವರ ಹೆಸರಿತ್ತು,
ಗೆದ್ದವರದಿತ್ತು, ಗೆದ್ದವರ ಅಪ್ಪಂದಿರದೂ ಇತ್ತು,
ಮಣ್ಣಿನ ಬಣ್ಣ ಯಾರೂ ಬರೆದಿಟ್ಟಿರಲಿಲ್ಲ.
ಅಷ್ಟರಲ್ಲಿ ಆಷಾಢ ಬಂತು, ಅಪ್ಪ ಹೋದ.
ಹೆಗಲು ಕೊಟ್ಟ ನಾಲ್ವರಲ್ಲಿ
ಒಬ್ಬನ ಕಿವಿಯೂ ನೆಟ್ಟಗಿರಲಿಲ್ಲ.

ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಹಾಕಿದೆ:
ಪಲೈಸ್ತ್ರಾ ಕುರಿತು ಟಿಪ್ಪಣಿ ಬರೆಯಿರಿ.
ಎಲ್ಲರೂ ಪುಸ್ತಕವನ್ನೇ ಬರೆದರು, ಅಲ್ಪವಿರಾಮ ಸಮೇತ.
ಹಾಸ್ಟೆಲಿನ ಭುವನಾ ಹಡಪದ ಬೇರೆ.
ಐವತ್ತಮೂರು ಕಿಲೋ, ಎಡಗಿವಿಗೆ ಹತ್ತಿಯ ಪಟ್ಟಿ,
ಹೋಗುವ ಹಿಂದಿನ ವರ್ಷ ಅಪ್ಪನೇ
'ತಲಿ ಬಗ್ಗಿಸಿ ಬಾ ತಂಗಿ' ಎಂದು ಒಳಗೆ ಕರೆದ ಹುಡುಗಿ.
(ಆಗ ನಾನು ಕೊಡ ಹಿಡಿದು ಅಲ್ಲೇ ಇದ್ದೆ.
ನನಗೆ ಐವತ್ತೊಂದು.
ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳು.)
ಅವಳ ಉತ್ತರ ಮೂರೇ ಸಾಲು:

'ಬೋರಲು ಬಿದ್ದಾಗ ಮಣ್ಣು ಬಾಯಿಗೆ ಹೋಗುತ್ತದೆ.
ಮೊದಲು ಹುಳಿ, ಆಮೇಲೆ ಉಪ್ಪು.
ಅಲ್ಲಿಯೂ ಹೀಗೇ ಇದ್ದಿರಬೇಕು.'

ಹುಳಿ ನನ್ನ ಮಜ್ಜಿಗೆಯದು.
ಉಪ್ಪು ಯಾರದೋ.
ಮೂರೂವರೆ ಹಾಕಿದೆ, ಹೊಡೆದೆ.
ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದಿಟ್ಟು ಕೂತಿದ್ದೇನೆ,
ಸುಮ್ಮನೆ ತುಟಿ ಸವರಿಕೊಳ್ಳುತ್ತ.